ನೌಕರಿ ಜೊತೆ ಕೆಎಎಸ್ ಓದು: ಇರೋ ಗಂಟೆಗಳನ್ನ ಅಂಕಕ್ಕೆ ತಿರುಗಿಸೋದು ಹೇಗೆ?

ಎಫ್‌ಡಿಎ ಮೇಜು
ಹತ್ತರಿಂದ ಐದೂವರೆವರೆಗೆ ಕಚೇರಿ, ಬಸ್ಸಲ್ಲಿ ಹೋಗಿ ಬರೋಕೆ ದಿನಕ್ಕೆ ಒಂದೂವರೆ ಗಂಟೆ. ಇಂಥವರಿಗೆ ಯೂಟ್ಯೂಬಲ್ಲಿ ಸಿಗೋ ಸಲಹೆ ಒಂದೇ: ಬೆಳಿಗ್ಗೆ ನಾಲ್ಕಕ್ಕೆ ಏಳಿ, ದಿನಕ್ಕೆ ಆರು ಗಂಟೆ ಓದಿ. ಆ ವೇಳಾಪಟ್ಟಿ ಮೂರನೇ ದಿನಕ್ಕೆ ಮಕಾಡೆ ಮಲಗುತ್ತೆ. ಸ್ಫೂರ್ತಿ ಮಾತು ಬೇಡ. ನಿಜವಾಗಿ ಎಷ್ಟು ಗಂಟೆ ಸಿಗುತ್ತೆ, ಅದನ್ನ ಯಾವುದಕ್ಕೆ ಎಷ್ಟು ಹಂಚಬೇಕು, ಜನ ಎಲ್ಲಿ ಎಡವ್ತಾರೆ, ಇಷ್ಟು ಲೆಕ್ಕ ಗೊತ್ತಿರೋರು ಹೇಳಿ.

ಲೆಕ್ಕದ ಪುಸ್ತಕ
ಲೆಕ್ಕ ಕೇಳಿದ್ರಲ್ಲ, ಹಿಡ್ಕೊಳ್ಳಿ. ವಾರಕ್ಕೆ 168 ಗಂಟೆ. ನಿದ್ದೆ 7 ಗಂಟೆಯಂತೆ 49. ಕಚೇರಿ ಆರು ದಿನ, ಏಳೂವರೆ ಗಂಟೆಯಂತೆ 45. ಬಸ್ಸು 9. ಉಳಿದದ್ದು 65. ಸ್ನಾನ, ಊಟ, ಅಡುಗೆ, ಸಂತೆ, ಮನೆಯವರ ಜೊತೆ ನಾಲ್ಕು ಮಾತು, ಇದಕ್ಕೆಲ್ಲ ದಿನಕ್ಕೆ 5 ಗಂಟೆ ಬೇಡವಾ? 35 ಹೋಯ್ತು. ಕೈಯಲ್ಲಿ 30.

ಎಡವಟ್ಟು ಶುರುವಾಗೋದೇ ಇಲ್ಲಿ. 30 ಕಂಡ ತಕ್ಷಣ 30ಕ್ಕೂ ಪಾಠ ತುಂಬಿಬಿಡ್ತಾರೆ. ಜ್ವರ, ನೆಂಟರು, ಕರೆಂಟು, ಸಾಹೇಬರು ಸಂಜೆ ಆರಕ್ಕೆ ಕೇಳೋ ವರದಿ, ಇವು ಯಾವ ವಾರವೂ ತಪ್ಪಲ್ಲ. ಯೋಜನೆ ಹಾಕುವಾಗ ಮನುಷ್ಯ ಎಲ್ಲವೂ ಸರಿಯಾಗಿ ನಡೆಯೋ ವಾರವನ್ನೇ ಕಣ್ಮುಂದೆ ಇಟ್ಕೋತಾನೆ. ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಇದನ್ನ ಗುರುತಿಸಿ "ಪ್ಲಾನಿಂಗ್ ಫಾಲಸಿ" ಅಂತ ಹೆಸರು ಕೊಟ್ಟಿದ್ದಾರೆ. ಮದ್ದು ಅಂದ್ರೆ ಊಹೆ ಬಿಟ್ಟು ಹಳೇ ದಾಖಲೆ ನೋಡೋದು. ಒಂದು ವಾರ ಏನೂ ಬದಲಾಯಿಸದೆ, ಜೇಬಲ್ಲಿ ಒಂದು ಚೀಟಿ ಇಟ್ಕೊಂಡು, ಅಡ್ಡಿ ಇಲ್ಲದೆ ಓದಿದ ಪ್ರತಿ 30 ನಿಮಿಷಕ್ಕೆ ಒಂದು ಗೆರೆ ಹಾಕಿ. 30 ಗಂಟೆ ಅಂದ್ಕೊಂಡ ಕಡೆ 18 ಬಂದರೆ ಅದೇ ನಿಮ್ಮ ಹಾಸಿಗೆ, ಕಾಲು ಅಷ್ಟೇ ಚಾಚಿ.

18ನ್ನ ಹೀಗೆ ಹರಡಬಹುದು: ಆರು ದಿನ ಬೆಳಿಗ್ಗೆ ಒಂದೂವರೆ ಗಂಟೆಯಂತೆ 9, ವಾರದಲ್ಲಿ ಐದು ಸಂಜೆ ಮುಕ್ಕಾಲು ಗಂಟೆಯಂತೆ ಸುಮಾರು 4, ಭಾನುವಾರ 5. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ನೌಕರರಿಗೆ ರಜೆ. ಅದನ್ನ ಯೋಜನೆಗೆ ಸೇರಿಸಬೇಡಿ, ಖಾಲಿ ಬಿಡಿ. ತಿಂಗಳಲ್ಲಿ ತಪ್ಪಿದ್ದೆಲ್ಲ ಬಂದು ಬೀಳೋಕೆ ಒಂದು ಜಾಗ ಬೇಕಲ್ಲ.

ಕೆಂಪು ಪೆನ್ನು
ಮೇಲಿನದು ಸರಿ. ಆದರೆ ಗಂಟೆಯನ್ನೇ ಗುರಿ ಮಾಡ್ಕೊಂಡ್ರೆ ಗಂಟೆಯಷ್ಟೇ ತುಂಬುತ್ತೆ. "ಇವತ್ತು ಎರಡು ಗಂಟೆ ಓದಿದೆ" ಅನ್ನೋ ವಾಕ್ಯದಿಂದ ಏನೂ ಗೊತ್ತಾಗಲ್ಲ. ದಿನಚರಿಯಲ್ಲಿ ಬರೀಬೇಕಾದ್ದು ಮೂರೇ ಅಂಕಿ: ಎಷ್ಟು ಉತ್ತರ ಬರೆದೆ, ಎಷ್ಟು ಬಹುಆಯ್ಕೆ ಪ್ರಶ್ನೆ ಬಿಡಿಸಿದೆ, ಪುಸ್ತಕ ಮುಚ್ಚಿ ಎಷ್ಟು ಪುಟ ನೆನಪಿಂದ ತೆಗೆದೆ.

ಮೂರನೆಯದು ಯಾಕೆ ಮುಖ್ಯ ಅಂದ್ರೆ, 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನ ಮತ್ತೆ ಓದಿತು, ಇನ್ನೊಂದು ಗುಂಪು ಅದನ್ನ ನೋಡದೆ ನೆನಪಿಂದ ಬರೆಯಿತು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರೇ ಮುಂದೆ. ಒಂದು ವಾರ ಕಳೆದ ಮೇಲೆ ಅದು ತಿರುಗುಮುರುಗು. ಗೆರೆ ಎಳೆದು ಎರಡನೇ ಸಲ ಓದುವಾಗ "ಗೊತ್ತು, ಗೊತ್ತು" ಅನ್ನಿಸುತ್ತಲ್ಲ, ಆ ಪರಿಚಯವೇ ಮೋಸ. ಹಾಲ್‌ನಲ್ಲಿ ಪುಟ ಕಣ್ಮುಂದೆ ಇರಲ್ಲ.

ಬೆಳಗಿನ 90 ನಿಮಿಷವನ್ನ ಹೀಗೆ ಒಡೆಯಿರಿ. ಮೊದಲ 10 ನಿಮಿಷ, ನಿನ್ನೆಯದನ್ನ ಖಾಲಿ ಹಾಳೆ ಮೇಲೆ ಬರೀರಿ, ಪುಸ್ತಕ ಮುಟ್ಟಬೇಡಿ. ಮುಂದಿನ 45 ನಿಮಿಷ ಹೊಸ ಓದು, ಪೆನ್ನು ಕೈಯಲ್ಲಿ ಬೇಡ. ಆಮೇಲೆ ಪುಸ್ತಕ ಮುಚ್ಚಿ 15 ನಿಮಿಷ ಖಾಲಿ ಹಾಳೆ. ಕೊನೆಯ 20 ನಿಮಿಷ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನ ಕೆಂಪು ಪೆನ್ನಲ್ಲಿ ಸೇರಿಸಿ. ಆ ಕೆಂಪು ಸಾಲುಗಳೇ ನಿಮ್ಮ ನೋಟ್ಸ್. ಕಪ್ಪಲ್ಲಿ ಬಂದದ್ದು ಗೊತ್ತಿದೆ, ಅದನ್ನ ಚೆಂದಗೆ ಮತ್ತೆ ಬರೆಯೋದು ನೀರಲ್ಲಿ ಹೋಮ ಮಾಡಿದ ಹಾಗೆ.

ಮೊದಲ ವಾರ ಹಾಳೆ ತುಂಬಾ ಕೆಂಪೇ ಇರುತ್ತೆ. ಬಹಳ ಜನ ಅಲ್ಲೇ ಬಿಟ್ಟುಬಿಡ್ತಾರೆ, ಓದು ಸಾಗ್ತಿಲ್ಲ ಅನ್ನಿಸುತ್ತೆ. ಸಾಗ್ತಿದೆ. ಎರಡು ಓದಲ್ಲಿ ಮರೆಯಾಗಿ ಕೂತಿದ್ದದ್ದು ಈಗ ಕಾಣ್ತಿದೆ ಅಷ್ಟೇ.

ಗೋಕುಲ ರಸ್ತೆ
ಎಲ್ಲಾ ಖರೆ ಐತ್ರಿ. ಆದ್ರ ಎಲ್ಲಾರೂ ಪ್ರಿಲಿಮ್ಸ್ (ಮೊದಲ ಸುತ್ತಿನ ಬಹುಆಯ್ಕೆ ಪರೀಕ್ಷಾ) ಹಿಡ್ಕೊಂಡ್ ಕುಂತೀರಿ. ಪ್ರಿಲಿಮ್ಸ್ ಅಂಕ ಕಡೀ ಪಟ್ಟಿಗೆ ಸೇರೂದಿಲ್ಲ, ಅದು ಬರೇ ಗೇಟ್. ಮೇನ್ಸ್‌ನ್ಯಾಗ, ಅಂದ್ರ ಮುಂದಿನ ಬರಿಯೂ ಪರೀಕ್ಷಾದಾಗ, ನಾಕು ಸಾಮಾನ್ಯ ಅಧ್ಯಯನ, ಒಂದು ಪ್ರಬಂಧ, ಒಂದೊಂದು 250 ಅಂಕ, ಒಂದೊಂದಕ್ಕ 3 ತಾಸು. 180 ನಿಮಿಷಕ್ಕ 250 ಅಂಕ ಅಂದ್ರ ಒಂದ್ ಅಂಕಕ್ಕ 43 ಸೆಕೆಂಡ್. 10 ಅಂಕದ ಪ್ರಶ್ನೆಗೆ 7 ನಿಮಿಷ 12 ಸೆಕೆಂಡ್. 15ರದ್ದಕ್ಕ 10 ನಿಮಿಷ 48. ಪ್ರಶ್ನೆ ಓದೂದು, ವಿಚಾರ ಮಾಡೂದು, ಬರಿಯೂದು ಎಲ್ಲಾ ಇದರಾಗ ಮುಗೀಬೇಕು. ಓದು ಮುಗದ್ ಮ್ಯಾಲ ಬರಿಯೂದು ಅಂತ ಕುಂತ್ರ ಓದು ಎಂದೂ ಮುಗಿಯಂಗಿಲ್ಲ. ವಾರಕ್ಕ 18 ತಾಸಿನಾಗ 4 ತಾಸರ ಬರವಣಿಗಿಗೆ ಕೊಡ್ರಿ, ಮೊದಲನೇ ವಾರದಿಂದನ.

ಎಫ್‌ಡಿಎ ಮೇಜು
ರೀ, ಮೊದಲನೇ ವಾರ ಬರೆಯೋಕೆ ತಲೇಲಿ ಏನಿರುತ್ತೆ?

ಗೋಕುಲ ರಸ್ತೆ
ಮೊದಲ ಎರಡು ವಾರ ಪುಸ್ತಕ ತಕ್ಕೊಂಡ ಬರೀರಿ, ಗಡಿಯಾರ ಇಡಬ್ಯಾಡ್ರಿ. ಮೂರನೇ ವಾರ ಪುಸ್ತಕ ಮುಚ್ರಿ, ಒಂದು ಉತ್ತರಕ್ಕ 12 ನಿಮಿಷ. ಆಮ್ಯಾಲ 9. ಎರಡನೇ ತಿಂಗಳಿಂದ 7. ಮೊದಲನೇ ದಿನಾನ 7 ನಿಮಿಷದ ಗಡಿಯಾರ ಇಟ್ರ ಅಕ್ಷರಾನೂ ಕೆಡ್ತಾವ, ವಿಚಾರಾನೂ ಕೆಡ್ತಾವ.

ಗೆರೆ ಹಾಳೆ
ಬರವಣಿಗೆಗೆ ಕನ್ನಡ ಮಾಧ್ಯಮದವರು ಗಮನಿಸಬೇಕಾದ ಒಂದು ವಿಷಯ. ಇಂಗ್ಲಿಷ್ ಕೋಚಿಂಗ್ ನೋಟ್ಸ್‌ನಲ್ಲಿ "150 ಪದ" ಅಂತ ಇರುತ್ತೆ. ಕನ್ನಡದಲ್ಲಿ ವಿಭಕ್ತಿ, ಅವ್ಯಯ ಎಲ್ಲ ಪದಕ್ಕೇ ಅಂಟುತ್ತೆ. "ಸರ್ಕಾರದವರಿಂದಲೇ" ಅನ್ನೋದು ಇಲ್ಲಿ ಒಂದು ಪದ, ಅಲ್ಲಿ ಮೂರ್ನಾಲ್ಕು. ಪದ ಎಣಿಸೋಕೆ ಹೋದರೆ ಉತ್ತರ ಉದ್ದವಾಗಿ ಸಮಯ ಕೈಕೊಡುತ್ತೆ. ಸಾಲು ಎಣಿಸಿ. ಗೆರೆ ಇರೋ ಎ4 ಹಾಳೆ ಮೇಲೆ ನಿಮ್ಮ ಮಾಮೂಲಿ ಅಕ್ಷರದಲ್ಲಿ 5 ನಿಮಿಷ, ನಿಲ್ಲಿಸದೆ, ಗೊತ್ತಿರೋ ವಿಷಯ ಬರೀರಿ. ಎಷ್ಟು ಸಾಲು ಬಂತೋ ಅಷ್ಟೇ ನಿಮ್ಮ 10 ಅಂಕದ ಉತ್ತರದ ಗಾತ್ರ. ಉಳಿದ ಎರಡು ನಿಮಿಷದಲ್ಲಿ ಒಂದೂವರೆ ಯೋಚನೆಗೆ, ಅರ್ಧ ಮರುಓದಿಗೆ.

ಯೋಚನೆಯ ಒಂದೂವರೆ ನಿಮಿಷ ಹೇಗಿರಬೇಕು? ಪ್ರಶ್ನೆ ಸಂವಿಧಾನದ 371ಜೆ ವಿಧಿ (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ) ಬಗ್ಗೆ ಇದೆ ಅನ್ನಿ. "ವಿಮರ್ಶಿಸಿ" ಅಂತ ಕೇಳಿದ್ದರೆ ಅಂಚಿನಲ್ಲಿ ಐದು ಗುರುತು: 98ನೇ ತಿದ್ದುಪಡಿ / ಪ್ರತ್ಯೇಕ ಅಭಿವೃದ್ಧಿ ಮಂಡಳಿ / ಶಿಕ್ಷಣ, ಉದ್ಯೋಗದಲ್ಲಿ ಸ್ಥಳೀಯ ಮೀಸಲು / ಖಾಲಿ ಹುದ್ದೆ, ಖರ್ಚಾಗದ ಅನುದಾನ / ಮುಂದೇನು. ಆಮೇಲೆ ಪೆನ್ನು ನಿಲ್ಲಬಾರದು. ನೇರ ಬರೆಯೋಕೆ ಇಳಿದವರು ಹಿನ್ನೆಲೆಗೇ ಅರ್ಧ ಪುಟ ಸುರಿದು, ಪ್ರಶ್ನೆ ಕೇಳಿದ "ವಿಮರ್ಶೆ"ಗೆ ಎರಡು ಸಾಲು ಉಳಿಸಿರ್ತಾರೆ. ಅಂಕ ಹೋಗೋದು ಅಲ್ಲೇ, ಜ್ಞಾನ ಕಡಿಮೆಯಾಗಿ ಅಲ್ಲ.

ಮಣ್ಣಿನ ಗಡಿಗೆ
ನೆನಪಿಗೆ ಕಾರ್ಡ್ ವ್ಯವಸ್ಥೆ (ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ) ಬಗ್ಗೆ ಯಾರೂ ಹೇಳಲಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ, ಕಲಿತದ್ದು ಮೊದಲ ದಿನದಲ್ಲೇ ಹೆಚ್ಚು ಸೋರುತ್ತೆ, ಆಮೇಲೆ ಸೋರಿಕೆ ನಿಧಾನ ಆಗುತ್ತೆ. ಹಾಗಾಗಿ ಪುನರಾವರ್ತನೆ ಮೊದಲು ಹತ್ತಿರ ಹತ್ತಿರ, ಆಮೇಲೆ ದೂರ ದೂರ: 1, 3, 7, 21 ದಿನ. ಮೊಬೈಲಲ್ಲಿ ಆಂಕಿಡ್ರಾಯ್ಡ್ (ಆಂಕಿ) ಅನ್ನೋ ಕಾರ್ಡ್ ಆಪ್ ಉಚಿತ, ಕನ್ನಡ ಅಕ್ಷರ ಚೆನ್ನಾಗಿ ಮೂಡುತ್ತೆ. ಮೊಬೈಲ್ ಬೇಡ ಅಂದ್ರೆ ಮದುವೆ ಕರೆಯೋಲೆ ಕತ್ತರಿಸಿ ಚೀಟಿ ಮಾಡಿ, ನಾಲ್ಕು ಸಿಹಿ ಡಬ್ಬ ಇಡಿ. ಸರಿ ಹೇಳಿದರೆ ಮುಂದಿನ ಡಬ್ಬಕ್ಕೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ.

ಕಾರ್ಡ್ ಬರೆಯೋದರಲ್ಲೇ ಹೆಚ್ಚಿನವರು ತಪ್ಪೋದು. ರಾಜ್ಯದ ಪ್ರಾದೇಶಿಕ ಅಸಮತೋಲನ ಕುರಿತ ಡಾ. ನಂಜುಂಡಪ್ಪ ಸಮಿತಿ ತಗೊಳ್ಳಿ. "ನಂಜುಂಡಪ್ಪ ಸಮಿತಿ ಬಗ್ಗೆ ಬರೆಯಿರಿ" ಅಂತ ಒಂದು ಕಡೆ, ಹಿಂದೆ ಹತ್ತು ಸಾಲು. ಇದು ಕಾರ್ಡ್ ಅಲ್ಲ, ಪುಟಾಣಿ ಪುಸ್ತಕ. ಅರ್ಧ ನೆನಪಾದರೆ ಸರಿ ಅನ್ನಬೇಕೋ ತಪ್ಪು ಅನ್ನಬೇಕೋ ಗೊತ್ತಾಗಲ್ಲ. ಹೀಗೆ ಒಡೆಯಿರಿ:

ವರದಿ ಕೊಟ್ಟ ವರ್ಷ? 2002.
ಗುರುತಿಸಿದ ಹಿಂದುಳಿದ ತಾಲ್ಲೂಕು ಎಷ್ಟು? 114.
ಅದರ ಒಳಹಂಚಿಕೆ? ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35.

ಒಂದು ಕಾರ್ಡ್, ಒಂದು ಉತ್ತರ, 8 ಸೆಕೆಂಡ್. ವಿಶ್ಲೇಷಣೆಗೆ ಕಾರ್ಡ್ ಮಾಡಬೇಡಿ, ಅದಕ್ಕೆ ಮೇಲಿನವರು ಹೇಳಿದ ಖಾಲಿ ಹಾಳೆಯೇ ಸರಿ.

ಲೆಕ್ಕದ ಪುಸ್ತಕ
ಇದಕ್ಕೊಂದು ಎಚ್ಚರಿಕೆ ಸೇರಿಸ್ತೀನಿ. ಆಂಕಿಯಲ್ಲಿ ದಿನಕ್ಕೆ ಎಷ್ಟು ಹೊಸ ಕಾರ್ಡ್ ಸೇರಿಸ್ತೀರೋ, ಕೆಲವು ವಾರದಲ್ಲಿ ಅದರ 7ರಿಂದ 10 ಪಟ್ಟು ಪುನರಾವರ್ತನೆ ದಿನವೂ ಬಂದು ನಿಲ್ಲುತ್ತೆ. ಇದು ಒರಟು ಲೆಕ್ಕ, ಆದರೆ ಯೋಜನೆಗೆ ಸಾಕು. ದಿನಕ್ಕೆ 10 ಹೊಸದು ಅಂದ್ರೆ 70ರಿಂದ 100, ಅಂದಾಜು 10ರಿಂದ 13 ನಿಮಿಷ. ಬಸ್ಸಲ್ಲೇ ಮುಗಿಯುತ್ತೆ. ಉತ್ಸಾಹದಲ್ಲಿ 50 ಸೇರಿಸಿದರೆ ತಿಂಗಳಾಗೋ ಹೊತ್ತಿಗೆ ದಿನಕ್ಕೆ ಒಂದು ಗಂಟೆ ಕಾರ್ಡೇ ತಿನ್ನುತ್ತೆ. ಆಮೇಲೆ ಆಪ್ ತೆರೆಯೋಕೇ ಭಯ. 10 ದಾಟಬೇಡಿ.

ತುಂಗಾ ಮೆಟ್ಟಿಲು
ಕಾರ್ಡ್ ಮಾಡೋದೇ ಒಂದು ಉದ್ಯೋಗ ಆಗಿಬಿಡುತ್ತೆ ಅನ್ನೋದು ನನ್ನ ತಕರಾರು. ಬಣ್ಣ, ಚಿತ್ರ, ವಿಭಾಗ, ಉಪವಿಭಾಗ. ಬೇರೆಯವರು ಮಾಡಿಟ್ಟ 4,000 ಕಾರ್ಡ್ ಇಳಿಸಿಕೊಳ್ಳೋದು ಇನ್ನೂ ಕೆಟ್ಟದ್ದು, ಓದದೇ ಇರೋ ಪಾಠದ ಕಾರ್ಡ್ ಬಾಯಿಪಾಠ ಆಗುತ್ತೆ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಕೈ ಖಾಲಿ. ಕೆಂಪು ಪೆನ್ನಲ್ಲಿ ಬರೆದ ಸಾಲುಗಳಿಂದ ಮಾತ್ರ ಕಾರ್ಡ್, ಅದೂ ದಿನಕ್ಕೆ 10 ನಿಮಿಷದ ಒಳಗೆ.

ಮೂರನೇ ಪುಟ
ದಿನಪತ್ರಿಕೆ ವಿಷಯಕ್ಕೆ ಬರೋಣ. ಬೆಳಗಿನ ಚುರುಕು ಹೊತ್ತನ್ನ ಪತ್ರಿಕೆಗೆ ಸುರಿಯೋದಕ್ಕಿಂತ ದುಬಾರಿ ಅಭ್ಯಾಸ ಇನ್ನೊಂದಿಲ್ಲ. ಅದು ಹೇಗೂ ಸರಾಗ ಓದು, ದಣಿದ ಸಂಜೆಗೆ ಇರಲಿ, 30 ನಿಮಿಷ ಸಾಕು. ಪಠ್ಯಕ್ರಮದ ಒಂದು ಪ್ರತಿ ಪಕ್ಕದಲ್ಲಿಟ್ಟು, ಸುದ್ದಿ ಅದರ ಯಾವ ಸಾಲಿಗೆ ಸೇರುತ್ತೆ ಅಂತ ಹತ್ತು ಸೆಕೆಂಡಲ್ಲಿ ಹೇಳೋಕಾಗದಿದ್ದರೆ ಮುಂದಕ್ಕೆ ಹೋಗಿ. ರಾಜೀನಾಮೆ, ತಿರುಗೇಟು, ವಾಗ್ದಾಳಿ ಇವೆಲ್ಲ ಆಗ ತಾನೇ ಉದುರುತ್ತೆ.

ನೋಟ್ಸ್ ದಿನಾಂಕದ ಪ್ರಕಾರ ಬೇಡ, ವಿಷಯದ ಪ್ರಕಾರ. ಬಿಡಿ ಹಾಳೆ, ಎರಡು ತೂತು, ಒಂದು ಫೈಲು. "ಕೃಷ್ಣಾ ನದಿ ವಿವಾದ" ಅಂತ ಒಂದು ಹಾಳೆ, ಅದಕ್ಕೇ ವರ್ಷವಿಡೀ ಸೇರಿಸ್ತಾ ಹೋಗಿ, ಪ್ರತಿ ಸಾಲಿನ ಪಕ್ಕ ತಿಂಗಳು ಬರೀರಿ. ಹಳೇ ನೋಟ್ಸ್ ಎಲ್ಲಿ ಕೈಕೊಡುತ್ತೆ ಅನ್ನೋದಕ್ಕೆ ಉದಾಹರಣೆ ಬೇಕಾ? 371ಜೆ ವ್ಯಾಪ್ತಿಗೆ "6 ಜಿಲ್ಲೆ" ಅಂತ ಬರೆದ ನೋಟ್ಸ್ ಇನ್ನೂ ಓಡಾಡ್ತಿವೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ ಅದು 7.

ಕೆಂಪು ಪೆನ್ನು
ಜೆರಾಕ್ಸ್ ಅಂಗಡಿ ನೋಟ್ಸ್ ಸಮಸ್ಯೆಯೇ ಇದು. ಯಾವ ವರ್ಷದ್ದು ಅಂತ ಮೇಲೆ ಬರೆದಿರಲ್ಲ.

ಅರ್ಧ ಟೀ
25 ನಿಮಿಷ ಕೆಲಸ, 5 ನಿಮಿಷ ಬಿಡುವು ವಿಧಾನ ಇಲ್ಲಿ ಕೆಲಸ ಮಾಡುತ್ತಾ?

ಗೆರೆ ಹಾಳೆ
ಅರ್ಧ. ಅದು 1980ರ ದಶಕದ ಕೊನೆಯಲ್ಲಿ ಚಿರಿಲ್ಲೊ ಅನ್ನೋ ಇಟಲಿಯ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಕೊಂಡು ಶುರು ಮಾಡಿದ್ದು. ಕೂರೋಕೇ ಮನಸ್ಸಿಲ್ಲದ ಸಂಜೆಗೆ ಒಳ್ಳೇದು, "25 ನಿಮಿಷ ತಾನೇ" ಅಂತ ಕೂತುಬಿಡಬಹುದು. ಮಾನಸಿಕ ಸಾಮರ್ಥ್ಯದ ಲೆಕ್ಕಕ್ಕೂ ಸರಿಹೊಂದುತ್ತೆ. ಪ್ರಿಲಿಮ್ಸ್ ಎರಡನೇ ಪತ್ರಿಕೆಯಲ್ಲಿ ಅದರ 30 ಪ್ರಶ್ನೆ, 60 ಅಂಕ. ದಿನಕ್ಕೊಂದು 25 ನಿಮಿಷದ ಕಂತು, 20 ಪ್ರಶ್ನೆ, ಪ್ರಶ್ನೆಗೆ 72 ಸೆಕೆಂಡ್, ಯಾಕಂದ್ರೆ ಹಾಲ್‌ನಲ್ಲೂ 120 ನಿಮಿಷಕ್ಕೆ 100 ಪ್ರಶ್ನೆ.

ಪ್ರಬಂಧಕ್ಕೆ ಮಾತ್ರ ಬೇಡ. ವಾದ ಕಟ್ಟಿಕೊಳ್ಳೋ ಹೊತ್ತಿಗೆ ಗಂಟೆ ಹೊಡೆಯುತ್ತೆ. ತಿಂಗಳಿಗೆ ಎರಡು ಭಾನುವಾರ, ಎದ್ದೇಳದೆ 90 ನಿಮಿಷ. ಮೂರು ಗಂಟೆ ಒಂದೇ ಕಡೆ ಕೂತು ಬರೆಯೋದು ಕೈಗೂ ಬೆನ್ನಿಗೂ ಅಭ್ಯಾಸ ಆಗಬೇಕಾದ ಕೆಲಸ, ಅದನ್ನ ಕೊನೆ ತಿಂಗಳಿಗೆ ಬಿಟ್ಟವರ ಬೆರಳು ಎರಡನೇ ದಿನದ ಪತ್ರಿಕೆಯಲ್ಲಿ ಮಾತಾಡುತ್ತೆ.

ಮಣ್ಣಿನ ಗಡಿಗೆ
ಕಚೇರಿಯಿಂದ ಬಂದ ತಕ್ಷಣ ಓದೋಕೆ ಕೂತವರಿಗೆ ಮೊದಲ ಇಪ್ಪತ್ತು ನಿಮಿಷ ತಲೇಲಿ ಕಡತವೇ ಓಡ್ತಿರುತ್ತೆ. ಮುಗಿಸದೆ ಬಿಟ್ಟ ಕೆಲಸದ ಎಳೆ ಮುಂದಿನ ಕೆಲಸಕ್ಕೂ ಅಂಟಿಕೊಂಡು ಬರುತ್ತೆ, ಸೋಫಿ ಲೆರಾಯ್ 2009ರಲ್ಲಿ ಇದರ ಮೇಲೆ ಬರೆದಿದ್ದಾರೆ. ಮೇಜು ಬಿಡೋ ಮುಂಚೆ ಎರಡು ನಿಮಿಷ: ಯಾವ ಕಡತ ಎಲ್ಲಿ ನಿಂತಿದೆ, ನಾಳೆ ಮೊದಲ ಕೆಲಸ ಏನು, ಒಂದು ಚೀಟಿ ಬರೆದು ಕಡತದ ಮೇಲೇ ಇಟ್ಟು ಬನ್ನಿ. ಓದು ನಿಲ್ಲಿಸುವಾಗಲೂ ಅದೇ. "ನಾಳೆ: ಪುಟ 112, ಭೂಸುಧಾರಣೆ 1974ರ ತಿದ್ದುಪಡಿಯಿಂದ" ಅಂತ ಇದ್ದರೆ ಬೆಳಿಗ್ಗೆ ಏನು ಓದಲಿ ಅಂತ ಹದಿನೈದು ನಿಮಿಷ ಪುಸ್ತಕ ತಿರುವೋದು ತಪ್ಪುತ್ತೆ.

ಸಮಯವನ್ನ ಗಡಿಯಾರಕ್ಕೆ ಕಟ್ಟೋ ಬದಲು ದಿನವೂ ಆಗೇ ಆಗೋ ಕೆಲಸಕ್ಕೆ ಕಟ್ಟಿ. "ಸಂಜೆ ಏಳಕ್ಕೆ" ಅಂದ್ರೆ ಬಸ್ಸು ತಡವಾದ ದಿನ ತಪ್ಪಿತು. "ಕಾಫಿ ಲೋಟ ತೊಳೆದಿಟ್ಟ ಕೂಡಲೇ" ಅಂದ್ರೆ ಏಳೂವರೆ ಆದರೂ ನಡೆಯುತ್ತೆ. ಫೋನು ಬೇರೆ ಕೋಣೇಲಿ, ಚಾರ್ಜಿಗೆ. ಪಿಡಿಎಫ್ ಬೇಕಾದರೆ ಹಿಂದಿನ ರಾತ್ರಿಯೇ ಪ್ರಿಂಟ್.

ತುಂಗಾ ಮೆಟ್ಟಿಲು
ಪರೀಕ್ಷೆ ದಿನಾಂಕದಿಂದ ಹಿಂದಕ್ಕೆ ಎಣಿಸಿ ಯೋಜನೆ ಹಾಕೋರಿಗೆ ಒಂದು ಮಾತು. 2024ರ ಆಗಸ್ಟ್ 27ರಂದು 384 ಹುದ್ದೆಗಳಿಗೆ ಪ್ರಿಲಿಮ್ಸ್ ನಡೆಯಿತು. ಕನ್ನಡ ಅನುವಾದದ ತಪ್ಪುಗಳ ಗಲಾಟೆ ಆಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು. ಆಗಸ್ಟ್ 28ರ ಬೆಳಿಗ್ಗೆ ಪ್ರಿಲಿಮ್ಸ್ ಪುಸ್ತಕ ಕಟ್ಟಿಟ್ಟವರು ನಾಲ್ಕು ತಿಂಗಳ ನಂತರ ಮತ್ತೆ ಅದೇ ಬಾಗಿಲಿಗೆ ಬಂದರು. ದಿನಾಂಕ ನಮ್ಮ ಕೈಲಿಲ್ಲ. ಅದಕ್ಕೇ ಆರು ವಾರದ ಸುತ್ತು ಒಳ್ಳೆಯದು. ನಾಲ್ಕು ವಾರ ಹೊಸ ವಿಷಯ, ಒಂದು ವಾರ ಹಳೇ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಟು, ಒಂದು ವಾರ ತಪ್ಪಿದ್ದರ ರಿಪೇರಿ. ಪರೀಕ್ಷೆ ಹತ್ತಿರ ಬಂದರೆ ಸುತ್ತಿನೊಳಗಿನ ಪ್ರಮಾಣ ಬದಲಾಗುತ್ತೆ, ಸುತ್ತು ನಿಲ್ಲಲ್ಲ.

ಹಳೇ ಪತ್ರಿಕೆ ಬಿಡಿಸುವಾಗ ತಪ್ಪುಗಳನ್ನ ಮೂರು ಗುಂಪು ಮಾಡಿ: ಓದೇ ಇರಲಿಲ್ಲ, ಓದಿದ್ದೆ ಆದರೆ ಮರೆತೆ, ಗೊತ್ತಿತ್ತು ಆದರೆ ಪ್ರಶ್ನೆ ತಪ್ಪಾಗಿ ಓದಿದೆ. "ಯಾವುದು ಸರಿಯಲ್ಲ" ಅನ್ನೋದನ್ನ "ಯಾವುದು ಸರಿ" ಅಂತ ಓದೋದು ಮೂರನೇ ಗುಂಪಿನ ದೊಡ್ಡ ಪಾಲು. ಅದಕ್ಕೆ ಇನ್ನಷ್ಟು ಓದೋದು ಮದ್ದಲ್ಲ, ಆ ಪದದ ಕೆಳಗೆ ಗೆರೆ ಎಳೆಯೋ ಅಭ್ಯಾಸ ಮದ್ದು. ತಪ್ಪು ಉತ್ತರಕ್ಕೆ ಕಾಲು ಭಾಗ ಕಡಿತ ಇರೋದರಿಂದ, 2 ಅಂಕದ ಪ್ರಶ್ನೆ ಹೀಗೆ ಹೋದರೆ ನಷ್ಟ ಎರಡೂವರೆ.

ಎಫ್‌ಡಿಎ ಮೇಜು
ಇಷ್ಟೂ ಬರೆದುಕೊಂಡೆ. ಕೊನೆ ಪ್ರಶ್ನೆ: ಮಾರ್ಚ್ ಕೊನೆ ಎರಡು ವಾರ ಖಜಾನೆ ಬಿಲ್ ಕೆಲಸದಲ್ಲಿ ರಾತ್ರಿ ಒಂಬತ್ತಾಗುತ್ತೆ. ಆಗ ಇದೆಲ್ಲ ಹೇಗೆ?

ಲೆಕ್ಕದ ಪುಸ್ತಕ
ಆಗ 18 ಗಂಟೆಯ ಯೋಜನೆಯನ್ನ ಎಳೆದು ಹಿಗ್ಗಿಸೋಕೆ ಹೋಗಬೇಡಿ, ಅದಕ್ಕೇ ಬೇರೆ ಯೋಜನೆ ಮೊದಲೇ ಬರೆದಿಡಿ. ದಿನಕ್ಕೆ 20 ನಿಮಿಷ: ಬಸ್ಸಲ್ಲಿ ಕಾರ್ಡ್, ಹೊಸದು ಸೊನ್ನೆ. ಭಾನುವಾರ ಒಂದೇ ಒಂದು ಉತ್ತರ, ಕೈ ಮರೆಯಬಾರದು ಅಂತಷ್ಟೇ. ಪತ್ರಿಕೆ ಇಲ್ಲ, ಹೊಸ ಪಾಠ ಇಲ್ಲ.

ಗೋಕುಲ ರಸ್ತೆ
ಮತ್ತ ಏಪ್ರಿಲ್ ಒಂದಕ್ಕ ಬಾಕಿ ಎಲ್ಲಾ ಒಂದ ದಿನಾ ತೀರಸಾಕ ಹೋಗಬ್ಯಾಡ್ರಿ. ಬಿಟ್ಟ ಪತ್ರಿಕೆ ಬಿಟ್ಟಂಗ, ರದ್ದಿಗೆ ಹಾಕ್ರಿ. ತಿಂಗಳಾ ಬರೂ ಮಾಸಿಕದಾಗ ಮುಖ್ಯದ್ದು ಸಿಗತೈತಿ.

ಲೆಕ್ಕದ ಪುಸ್ತಕ
ಹೌದು. ಕಾರ್ಡ್ 300 ಬಾಕಿ ಉಳಿದಿದೆ ಅನ್ನಿ. ಆಪ್‌ನಲ್ಲಿ ದಿನದ ಮಿತಿ 80 ಅಂತ ಇಡಿ. ಆ 80ರಲ್ಲಿ ಅರ್ಧ ಆ ದಿನದ ಸರದಿಯದ್ದೇ ಇರುತ್ತೆ, ಹಾಗಾಗಿ ಬಾಕಿ ದಿನಕ್ಕೆ 40ರಂತೆ ಕರಗುತ್ತೆ. ನಾಲ್ಕು ದಿನಕ್ಕೆ ಮುಗಿಯಲ್ಲ, ಎಂಟು ದಿನ ಬೇಕು. ಅದು ಮುಗಿಯೋವರೆಗೆ ಹೊಸ ಕಾರ್ಡ್ ಒಂದೂ ಬೇಡ. ಬೆಳಗಿನ 90 ನಿಮಿಷ ಮಾತ್ರ ಏಪ್ರಿಲ್ ಮೊದಲ ಸೋಮವಾರದಿಂದಲೇ ಶುರು ಮಾಡಿ, ಮಾರ್ಚ್ ಮಧ್ಯದಲ್ಲಿ ಬಿಟ್ಟ ಪುಟದ ಚೀಟಿ ಪುಸ್ತಕದಲ್ಲೇ ಇರುತ್ತಲ್ಲ.